ಹೆಸರು ಕೇಳುವ ಯಂತ್ರ

ಆಫೀಸಿನ ಕಂಪ್ಯೂಟರ್ ಬೆಳಿಗ್ಗೆಯಿಂದ ಒಂದೇ ಪ್ರಶ್ನೆ ಕೇಳುತ್ತಿತ್ತು: ಬಳಕೆದಾರರ ಹೆಸರು? ಅದು ಕೇಳುತ್ತಿದ್ದ ಹೆಸರನ್ನು ಮರುಭೂಮಿಯ ಆ ಮೂಲನಿವಾಸಿಗಳ ಊರಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಆಫೀಸು ನಡೆಸುತ್ತಿದ್ದ ಆ ಹೆಸರಿನವನು ಫುಟ್‌ಬಾಲ್ ಮೈದಾನದಲ್ಲಿ ಚೆಂಡಿನ ಹಿಂದೆ ಓಡುತ್ತಿದ್ದಾಗ ಮುಗ್ಗರಿಸಿ ಬಿದ್ದಿದ್ದ. ನೋಡುತ್ತಿದ್ದವರೆಲ್ಲ ನಕ್ಕಿದ್ದರು. ಅವನದು ಯಾವಾಗಲೂ ನಾಟಕ. ಅವನು ಏಳಲಿಲ್ಲ. ಅಂದಿನಿಂದ ಅವನು ಕುಮಂಜಾಯಿ. ಸತ್ತವರ ಹೆಸರೆತ್ತುವಂತಿಲ್ಲ, ಅವರನ್ನೆಲ್ಲ ಹಾಗೇ ಕರೆಯುವುದು.

ಅವನ ಹೆಂಡತಿ ನುಂಗರಾಯಿ ಅಂದಿನಿಂದ ಮಾತು ಬಿಟ್ಟಿದ್ದಳು. ಗಂಡನ ಕಡೆಯವರು ಸಾಕೆನ್ನುವವರೆಗೆ ವಿಧವೆಗೆ ಕೈಸನ್ನೆಯೇ ಮಾತು. ಅವಳಿಗೆ ಅದು ಕಷ್ಟವೆನಿಸಿರಲಿಲ್ಲ. ಹೆಂಗಸರ ಬಿಡಾರದಲ್ಲಿ ಯಾರೋ ಚಹಾ ಕೊಟ್ಟರೆ ಕುಡಿಯುತ್ತಿದ್ದಳು, ಕೊಡದಿದ್ದರೆ ಇಲ್ಲ. ಅವನ ಬದಲಿಗೆ ಈಗ ಆಫೀಸು ನೋಡಿಕೊಳ್ಳುವ ಅವಳ ಚಿಕ್ಕಮ್ಮ ನಕಮರ ಓಡೋಡಿ ಹೋಗಿ ಕೈಹಿಡಿದು ಅವಳನ್ನು ಆಫೀಸಿಗೆ ಎಳೆದುಕೊಂಡು ಬಂದಿದ್ದಳು. ಹಿಂದೆಯೇ ಅತ್ತೆ ನಪಂಗಾರ್ದಿಯೂ ಬಂದು ಜಗಲಿಯ ಮೇಲೆ ಕಿಟಕಿಗೆ ಬೆನ್ನು ಮಾಡಿ ಕೂತಳು. ಸತ್ತ ಮಗನಿಗಾಗಿ ತಲೆಗೂ ತೋಳಿಗೂ ಬಿಳಿ ಮಣ್ಣು ಬಳಿದುಕೊಂಡಿದ್ದಳು.

ಏನು ಮಾಡಿದೆ ಇದಕ್ಕೆ? ನುಂಗರಾಯಿ ಬೆರಳಾಡಿಸಿ ಕೇಳಿದಳು.

"ನಾನೇನ್ ಮಾಡ್ದೆ? ಮಾಡಬೇಕಾದ್ದೇ ಮಾಡ್ದೆ. ಗೋಡೆ ಮೇಲಿದ್ದ ಫೋಟೋ ಇಳಿಸ್ದೆ. ಬಾಗಿಲ ಮೇಲಿದ್ದ ಹೆಸರು ಕೆರೆದು ತೆಗ್ದೆ. ಇದೊಂದು ಪೆಟ್ಟಿಗೆ, ಆನ್ ಮಾಡಿದ್ ತಕ್ಷಣ ಅವನ ಹೆಸರು ತೋರಿಸ್ಕೊಂಡು ಹಲ್ಲು ಕಿರಿಯೋದು. ನೋಡ್ಕೊಂಡು ಸುಮ್ನಿರ್ತೀನಾ? ಅಳಿಸಿಬಿಟ್ಟೆ. ಖಂಡಿತಾನಾ ಅಂತ ಕೇಳ್ತು. ಹೂಂ ಅಂದೆ. ಮತ್ತೆ ಕೇಳ್ತು. ಥೇಟ್ ನಿನ್ನ ಗಂಡನೇ, ಒಂದ್ಸಲ ಹೇಳಿದ್ರೆ ತಲೆಗೆ ಹೋಗಲ್ಲ. ಹೂಂ ಕಣೋ ಅಂದೆ."

ನುಂಗರಾಯಿ ಕುರ್ಚಿ ಎಳೆದು ಪರದೆಯ ಮುಂದೆ ಕೂತಳು.

ಊರಿಗೆ ಬರುವ ಇಮೇಲೆಲ್ಲ ಅವನ ಖಾತೆಗೇ ಬರುತ್ತಿತ್ತು. ಪ್ರಿಂಟರನ್ನೂ ಆ ಖಾತೆಗೇ ಜೋಡಿಸಿಟ್ಟಿದ್ದ. ಆಲಿಸ್ ಸ್ಪ್ರಿಂಗ್ಸ್ ಪಟ್ಟಣದ ಶವಾಗಾರದಿಂದ ಅವನ ದೇಹದ ಬಿಡುಗಡೆಯ ಕಾಗದವೂ ಅಲ್ಲಿಗೇ ಬಂದಿತ್ತು. ಅದನ್ನು ಪ್ರಿಂಟ್ ತೆಗೆದು, ಹೆಂಡತಿ ಸಹಿ ಹಾಕಿ, ಇಂದು ಸಂಜೆಯೊಳಗೆ ವಿಮಾನದವರಿಗೆ ಕಳಿಸಬೇಕು. ಕಳಿಸಿದರೆ ನಾಳೆ ಬೆಳಿಗ್ಗೆ ಸಣ್ಣ ವಿಮಾನ ಅವನನ್ನು ಊರಿಗೆ ತರುತ್ತದೆ. ಇಲ್ಲವಾದರೆ ಆ ವಿಮಾನ ಬೇರೆಯವರ ಪಾಲು, ಅವನು ಇನ್ನೂ ಎರಡು ವಾರ ಆ ತಣ್ಣನೆಯ ಕಪಾಟಿನಲ್ಲಿ. ಮಣ್ಣಿಗೆಂದು ದೂರದೂರದಿಂದ ಬಂದ ನೆಂಟರು ಊರಾಚೆ ಬಿಡಾರ ಹೂಡಿದ್ದರು. ಇನ್ನೊಮ್ಮೆ ಕಳಿಸೆನ್ನೋಣವೆಂದರೆ, ಶವಾಗಾರದಿಂದ ಕಾಗದ ಕಳಿಸಿದವಳು ಶುಕ್ರವಾರವೆಂದು ಮಧ್ಯಾಹ್ನವೇ ಮನೆಗೆ ಹೋಗಿದ್ದಳು. ಫ್ಯಾಕ್ಸ್ ಯಂತ್ರ ಕೆಟ್ಟು ವರ್ಷವಾಗಿತ್ತು.

ಇದೆಲ್ಲ ಹೊಳೆದಾಗ ನಕಮರಳ ಬಾಯಿ ತೆರೆದೇ ಉಳಿಯಿತು. "ಅಯ್ಯೋ, ಅವನ ದಾರೀನೂ ಅಳಿಸಿಬಿಟ್ನಾ ನಾನು?"

ನುಂಗರಾಯಿ ಫೋನ್ ತೋರಿಸಿದಳು.

ದೂರದ ಡಾರ್ವಿನ್ ನಗರದ ಕಂಪ್ಯೂಟರ್ ಸಹಾಯವಾಣಿಯಲ್ಲಿ ಡೆಸ್ ಎಂಬ ಹುಡುಗ ಸಿಕ್ಕ. ನುಂಗರಾಯಿಗೂ ಕೇಳಲೆಂದು ನಕಮರ ಸ್ಪೀಕರ್ ಹಾಕಿದಳು.

"ಮೊದಲು ಪ್ಲಗ್ ಹಾಕಿದೆಯಾ ನೋಡ್ತೀರಾ ಮೇಡಂ?"

"ಪ್ಲಗ್ ಇಲ್ದೆ ಪ್ರಶ್ನೆ ಕೇಳತ್ತೇನಪ್ಪಾ ಅದು?"

"ಸರಿ. ಒಂದ್ಸಲ ಆಫ್ ಮಾಡಿ ಆನ್ ಮಾಡಿ."

"ಬೆಳಿಗ್ಗೆಯಿಂದ ಅದೇ ಕಸುಬು ನಂದು. ಮುಂದೆ ಹೇಳು."

ನುಂಗರಾಯಿಯ ಬೆರಳುಗಳು ಆಡಿದವು. ನಕಮರ ಅವನ್ನು ನೋಡಿ ನೋಡಿ ಹೇಳಿದಳು: "ಖಾತೆನೇ ಅಳಿಸಿ ಹೋಗಿದ್ಯಂತೆ. ನಿಮ್ಮ ಕಡೆಯಿಂದ ಅದನ್ನ ವಾಪಸ್ ತರಬಹುದು, ತಂದ್ಮೇಲೆ ಪ್ರಿಂಟರ್ ತಾನೇ ಸರಿಹೋಗತ್ತೆ ಅಂತಾಳೆ."

"ಯಾರು ಮೇಡಂ ಅಂತಿರೋದು? ಅವರ ಕೈಗೇ ಫೋನ್ ಕೊಡಿ, ಬೇಗ ಆಗತ್ತೆ."

"ಅವಳು ಮಾತಾಡಲ್ಲ. ಗಂಡ ಸತ್ತಿದಾನೆ."

"ಓ. ಕ್ಷಮಿಸಿ." ಕೀಲಿಮಣೆಯ ಸದ್ದು. "ಇರಿ, ಹುಡುಕ್ತಿದೀನಿ. ಹಾಂ, ಸಿಕ್ತು! ಇತ್ತೀಚೆಗೆ ಅಳಿಸಿರೋದು ಒಂದೇ ಇದೆ. ಇದೇ ತಾನೆ—"

ಅವನು ಹೆಸರು ಹೇಳಿದ. ಪೂರ್ತಿ ಹೆಸರು, ಬಿಡಿಸಿ ಬಿಡಿಸಿ, ಹುಡುಕಿದ್ದು ಸಿಕ್ಕ ಸಂತೋಷದಲ್ಲಿ.

ನಕಮರ ಫೋನಿನ ಮೇಲೆ ಬಿದ್ದಳು. ಅದನ್ನು ಎದೆಗವಚಿ ಒತ್ತಿ ಹಿಡಿದಳು, ಇನ್ನೂ ಹೇಳುತ್ತಾನೆಂಬಂತೆ. ಗುಂಡಿ ಯಾವುದೆಂದು ತೋಚದೆ ತಂತಿಯನ್ನೇ ಗೋಡೆಯಿಂದ ಕಿತ್ತಳು.

 ಹೆಸರು ಕೋಣೆಯಲ್ಲಿ ನಿಂತಿತ್ತು. ಅವನೇ ಬಾಗಿಲಲ್ಲಿ ಬಂದು ನಿಂತರೂ ನುಂಗರಾಯಿ ಇಷ್ಟು ಬೆಚ್ಚುತ್ತಿರಲಿಲ್ಲ. ಅವಳ ಕೈಗಳು ಮಡಿಲಲ್ಲಿ ಬೇರೆ ಯಾರದೋ ಕೈಗಳಂತೆ ಬಿದ್ದಿದ್ದವು.

ಆಮೇಲೆ ಜಗಲಿಯಿಂದ ಕೂಗು ಎದ್ದಿತು. ನಪಂಗಾರ್ದಿ ಹಣೆಯನ್ನು ಕಂಬಕ್ಕೆ ಬಡಿಯುತ್ತಿದ್ದಳು. ಅಂಗಡಿಯ ಮುಂದೆ ಇದ್ದವರು ಕೈಯಲ್ಲಿದ್ದುದನ್ನು ಬಿಟ್ಟು ಓಡಿಬಂದು ಅವಳ ಭುಜ ಹಿಡಿದರು.

"ಯಾರದು ಹೇಳಿದ್ದು? ಯಾರು ನನ್ನ ಮಗನ್ನ ಕರೆದಿದ್ದು?"

"ಡಾರ್ವಿನ್ ಹುಡುಗ, ಅಕ್ಕ," ನಕಮರ ಕಿಟಕಿಯಿಂದ ಅಳುತ್ತಾ ಹೇಳಿದಳು. "ಏನೂ ಗೊತ್ತಿಲ್ಲದ ಕತ್ತೆ. ತಪ್ಪು ನಂದು. ನಾನೇ ಫೋನ್ ಹಚ್ಚಿದ್ದು, ನಾನೇ ಅಳಿಸಿದ್ದು."

"ಮುಚ್ಚಿ ಆ ಕೋಣೆ. ಹೊಗೆ ಹಾಕಿ. ಯಾರೂ ಒಳಗಿರಬೇಡಿ."

ಹೆಸರು ಬಿದ್ದ ಜಾಗಕ್ಕೆ ಹೊಗೆ ಹಾಕಬೇಕು, ಜನ ಬಿಟ್ಟು ಹೋಗಬೇಕು. ಅದು ಸರಿಯೇ. ಆದರೆ ಹೊತ್ತು ಪಶ್ಚಿಮಕ್ಕೆ ವಾಲಿತ್ತು. ನುಂಗರಾಯಿ ಎದ್ದು ಜಗಲಿಗೆ ಬಂದು ಅತ್ತೆಯ ಮುಂದೆ ಮಂಡಿಯೂರಿದಳು. ಸನ್ನೆ ಮಾಡಿದಳು: ವಿಮಾನ. ಅವನು. ನಾಳೆ. ಆಮೇಲೆ ಕಂಪ್ಯೂಟರಿನ ಕಡೆ ಕೈ ತೋರಿಸಿದಳು.

ನಪಂಗಾರ್ದಿಯ ಹಣೆಯ ಬಿಳಿ ಮಣ್ಣಿನೊಳಗೆ ರಕ್ತ ಇಳಿಯುತ್ತಿತ್ತು. ಅವಳು ಸೊಸೆಯ ಕೈಗಳನ್ನೇ ನೋಡಿದಳು.

"ಅದಿಲ್ದೆ ಬರಲ್ವಾ ಅವನು?"

ಇಲ್ಲ.

"ಹಾಗಾದ್ರೆ ಹೋಗು. ಹೊಗೆ ಆಮೇಲೆ."

ನಕಮರ ತಂತಿ ಸಿಕ್ಕಿಸಿದ್ದೇ ತಡ, ಫೋನ್ ಬಡಿದುಕೊಂಡಿತು. "ಮೇಡಂ, ಲೈನ್ ಕಟ್ಟಾಯ್ತು. ನಾನು ಹೇಳಿದ್ದು—"

"ಮತ್ತೆ ಹೇಳಿದ್ರೆ ಡಾರ್ವಿನ್ನಿಗೇ ಬಂದು ನಿನ್ನ ನಾಲಿಗೆ ಕೀಳ್ತೀನಿ ಕಣೋ. ಅದು ಸತ್ತವನ ಹೆಸರು. ಇವಳ ಗಂಡಂದು. ಅವನ ತಾಯಿ ಕಿಟಕಿ ಹತ್ರ ಕೂತಿದ್ಲು."

 ಡೆಸ್‌ನ ದನಿ ಸಣ್ಣದಾಯಿತು. "ಖಾತೆ ವಾಪಸ್ ತಂದಿದೀನಿ ಮೇಡಂ. ಆದ್ರೆ... ಆ ಪೆಟ್ಟಿಗೇಲಿ ಅದನ್ನ ಒಂದ್ಸಲ ಅಲ್ಲೇ ಟೈಪ್ ಮಾಡಬೇಕು. ಹೆಸರು, ಆಮೇಲೆ ಪಾಸ್‌ವರ್ಡ್. ಇಲ್ಲಿಂದ ನನ್ನ ಕೈಲಾಗಲ್ಲ."

ನಕಮರ ನುಂಗರಾಯಿಯನ್ನು ನೋಡಿದಳು. ಪಾಸ್‌ವರ್ಡ್ ನುಂಗರಾಯಿಗೆ ಗೊತ್ತಿತ್ತು. ಬರೆಯುತ್ತಾ ಹೋದಂತೆ ಅದು ಚುಕ್ಕೆಗಳಾಗಿ ಬೀಳುತ್ತದೆ. ಹೆಸರು ಹಾಗಲ್ಲ. ಒಂದೊಂದೇ ಅಕ್ಷರವಾಗಿ ಕಣ್ಣ ಮುಂದೆ ಮೂಡುತ್ತದೆ.

ಅವಳು ಕೈ ಚಾಚಿ ಪರದೆಯನ್ನು ಆರಿಸಿದಳು. ಕಪ್ಪು ಗಾಜಿನಲ್ಲಿ ಮುಡಿ ಕತ್ತರಿಸಿದ ತನ್ನ ತಲೆ ಕಂಡಿತು. ಕೀಲಿಮಣೆಯ ಮೇಲೆ ಬೆರಳಿಟ್ಟಳು. ಅವನು ಸತ್ತ ಮೇಲೆ ಆ ಹೆಸರನ್ನು ಮನಸ್ಸಿನಲ್ಲೂ ಹೇಳಿಕೊಂಡಿರಲಿಲ್ಲ. ಮೊದಲ ಅಕ್ಷರ ಒತ್ತಿದಳು. ಬೆರಳು ನಿಂತಿತು. ನಕಮರ ಗೋಡೆಗೆ ಮುಖ ಮಾಡಿ ನಿಂತಿದ್ದಳು. ನುಂಗರಾಯಿ ಉಳಿದದ್ದನ್ನು ಒಂದೇ ಉಸಿರಿಗೆ ಒತ್ತಿದಳು, ಪಾಸ್‌ವರ್ಡನ್ನೂ ಒತ್ತಿದಳು, ಎಂಟರ್ ಹೊಡೆದಳು. ಸ್ವಲ್ಪ ಕಾದು ಪರದೆ ಹಚ್ಚಿದಳು. ಪತ್ರಗಳ ಸಾಲು ಇಳಿದು ಬರುತ್ತಿತ್ತು. ಶವಾಗಾರದ ಪತ್ರ ತೆರೆದು ಪ್ರಿಂಟ್ ಒತ್ತಿದಳು.

ಮೂಲೆಯಲ್ಲಿ ಪ್ರಿಂಟರ್ ಗೊರಗುಟ್ಟಿತು. ನಕಮರ ಬೆಚ್ಚಿ ಕುರ್ಚಿ ಬೀಳಿಸಿದಳು.

ಕಾಗದ ಬಂತು. ನಡುವೆ ದಪ್ಪ ಅಕ್ಷರಗಳಲ್ಲಿ ಅದೇ ಹೆಸರು, ಅದರ ಕೆಳಗೆ ಸಹಿಗೆ ಗೆರೆ. ನುಂಗರಾಯಿ ಪೆನ್ನು ಹಿಡಿದಳು. ಎರಡು ಸಲ ಅದನ್ನು ಗೆರೆಯ ಹತ್ತಿರ ತಂದು, ಕಣ್ಣು ತಿರುಗಿಸಿ, ಹಿಂದೆ ತೆಗೆದಳು.

ನಪಂಗಾರ್ದಿ ಒಳಗೆ ಬಂದಳು.  ಅವಳಿಗೆ ಓದಲು ಬರುತ್ತಿರಲಿಲ್ಲ. ಸೊಸೆಯ ಕಣ್ಣು ಎಲ್ಲಿಗೆ ಹೋಗಲಾರದೆ ತಪ್ಪಿಸಿಕೊಳ್ಳುತ್ತಿದೆಯೋ ಅಲ್ಲಿಗೆ ತನ್ನ ಅಂಗೈಯನ್ನು ಊರಿ ಮುಚ್ಚಿದಳು.

"ಈಗ ಬರಿ."

ನುಂಗರಾಯಿ ಆ ಕೈಯ ಕೆಳಗೆ ಸಹಿ ಹಾಕಿದಳು. ಕಾಗದವನ್ನು ಮಗುಚಿ ಸ್ಕ್ಯಾನರಿನ ಗಾಜಿನ ಮೇಲಿಟ್ಟಳು. ಹಸಿರು ಬೆಳಕು ಅಂಚಿನಿಂದ ಅಂಚಿಗೆ ಹರಿಯಿತು. ಪತ್ರ ಹೋಯಿತು.

ಉತ್ತರ ಬರುವವರೆಗೆ ಮೂವರೂ ನಿಂತೇ ಇದ್ದರು. ವಿಮಾನದವರಿಂದ ಬಂದದ್ದು ಒಂದೇ ಸಾಲು: ಸಿಕ್ಕಿತು, ನಾಳೆ ಬೆಳಿಗ್ಗೆ ಹೊರಡುತ್ತೇವೆ, ರನ್‌ವೇ ಮೇಲೆ ಪ್ರಾಣಿಗಳಿಲ್ಲದಂತೆ ನೋಡಿಕೊಳ್ಳಿ.

ನಕಮರ ಓದಿ ಹೇಳಿದಳು. ನಪಂಗಾರ್ದಿ ಜಗಲಿಗೆ ಹೋಗಿ ಗಂಡಸರನ್ನು ಕೂಗಿದಳು. "ಏಯ್, ಕೂತ್ಕೊಂಡು ಏನ್ ನೋಡ್ತೀರೋ? ರನ್‌ವೇ ಮೇಲೆ ಮೇಯೋ ಆ ಕಾಡು ಕುದುರೆಗಳನ್ನ ಈಗ್ಲೇ ಆಚೆ ಓಡಿಸ್ರಿ. ರಾತ್ರಿ ಕಾವಲಿರಿ. ನನ್ನ ಮಗ ಇಳೀಬೇಕು."

ನುಂಗರಾಯಿ ನೆಲದ ಮೇಲೆ ಪ್ರಿಂಟರಿಗೆ ಒರಗಿ ಕೂತಿದ್ದಳು. ಅದರ ಮೈ ಇನ್ನೂ ಬೆಚ್ಚಗಿತ್ತು. ನಾಳೆ ಅವನನ್ನು ತರುತ್ತಾರೆ, ಅಂದರೆ ಅವನು ನಿಜವಾಗಿ ಸತ್ತಿದ್ದಾನೆ. ಇಷ್ಟು ದಿನವೂ ಅದು ತನಗೆ ಗೊತ್ತಿದೆಯೆಂದುಕೊಂಡಿದ್ದಳು.