ಗಿಟಾರಮ್ಮನ ಕೊನೆಯ ಗಿರಾಕಿ

ಗೇಟು ತಳ್ಳಿ ಒಳಗೆ ಕಾಲಿಟ್ಟವನು ಬೆನ್ನಿನಿಂದ ಗಿಟಾರಿನ ಚೀಲ ಇಳಿಸುತ್ತಲೇ, "ಗಿಟಾರಮ್ಮ ಇದಾರಾ?" ಎಂದು ಕೇಳಿದ. ಅಂಗಳದ ತುಂಬ ಕುರ್ಚಿ, ಕುರ್ಚಿಗಳ ತುಂಬ ಜನ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಏನೋ ಸಂತೋಷದ ಸಮಾರಂಭವಿರಬೇಕೆಂದು ಅವನೂ ಮುಖ ಅರಳಿಸಿದ. ನಗು ಥಟ್ಟನೆ ನಿಂತಿತು. ಆಗಲೇ ತೆರೆದ ಬಾಗಿಲಿನಾಚೆ, ಮುಂದಿನ ಕೋಣೆಯಲ್ಲಿ, ಹೂವುಗಳ ನಡುವೆ ಮಲಗಿಸಿದ್ದ ಗಿಟಾರಮ್ಮ ಅವನ ಕಣ್ಣಿಗೆ ಬಿದ್ದದ್ದು.

ಗೊತ್ತಿರಲಿಲ್ಲ, ತಪ್ಪಾಯಿತು ಎಂದು ತೊದಲುತ್ತ ಅವನು ಹಿಂದೆ ಸರಿದ. ಗಿಟಾರಮ್ಮನ ಗಂಡ ಎದ್ದು ಬಂದು ಕೈ ಹಿಡಿದರು. ಬಸ್ಸು ಓಡಿಸಿ ನಿವೃತ್ತರಾದವರು; ಹಿಡಿದರೆ ಬಿಡಿಸಿಕೊಳ್ಳುವುದು ಕಷ್ಟ.

"ಏನಾಗಿದೆ ಅದಕ್ಕೆ?"

"ತಂತಿ ಜಿರ್ ಅನ್ನುತ್ತೆ ಸಾರ್. ಇವತ್ತು ಬೇಡ ಬಿಡಿ."

ಯಾವಾಗ ಬೇಕಿತ್ತು ಎಂದು ಬಿಡದೆ ಕೇಳಿದ ಮೇಲೆ ಅವನು ಹೇಳಿದ. ಸಂಜೆ ಅಪ್ಪನ ಎಂಬತ್ತರ ಹುಟ್ಟುಹಬ್ಬ. ಅಪ್ಪ ಹಾಡುವವರಿದ್ದಾರೆ, ವಾರಗಟ್ಟಲೆಯಿಂದ ಬಚ್ಚಲಲ್ಲಿ ಅಭ್ಯಾಸ ನಡೆದಿದೆ. ಗಿಟಾರು ನುಡಿಸಬೇಕಾದವನು ಇವನು. ಬೆಳಗ್ಗೆ ತೆಗೆದು ನೋಡಿದರೆ ಈ ಗತಿ.

ಡ್ರೈವರು ತಿರುಗಿ ಮಗಳನ್ನು ಕರೆದರು.

*

ಜನ ನಗುತ್ತಿದ್ದುದು ಡ್ರೈವರ ಅಂಗಿಯ ಕತೆಗೆ. ಅದನ್ನು ಕೇಳದವರು ಅಲ್ಲಿ ಯಾರೂ ಇರಲಿಲ್ಲ. ಆದರೂ ಒತ್ತಾಯ ಮಾಡಿ ಹೇಳಿಸಿದ್ದರು.

ಗಿಟಾರಮ್ಮ ಎಂಬ ಹೆಸರು ಬೀಳುವ ಮುಂಚೆ ಆಕೆ ಕುರ್ಚಿ ಮೇಜಿನ ಅಂಗಡಿಯಲ್ಲಿ ಅಕ್ಕನ ಜೊತೆ ಪಾಲಿಶ್ ಹಾಕುತ್ತಿದ್ದ ಹುಡುಗಿ. ಕೆಲಸ ಮುಗಿದ ಮೇಲೆ ಯಾರಾರೋ ತಂದ ಕೆಟ್ಟ ಗಿಟಾರುಗಳನ್ನು ಬಿಚ್ಚಿ ಜೋಡಿಸುತ್ತಿದ್ದಳು. ಒಂದು ಸಂಜೆ ಎಳೆಯ ಡ್ರೈವರೊಬ್ಬ ಯೂನಿಫಾರ್ಮಿನಲ್ಲೇ ಬಂದು, ತನ್ನ ಗಿಟಾರು ಜಿರ್ ಅನ್ನುತ್ತದೆ ಎಂದ. ಅವಳು ನುಡಿಸಿದರೆ ನಾದ ತಿಳಿಯಾಗಿತ್ತು. ಒಯ್ದವನು ಮಾರನೇ ದಿನ ಮತ್ತೆ ತಂದ. ಮತ್ತೆ ಅದೇ ಕತೆ. ಮೂರನೇ ಸಲ ಅವಳು ಗಿಟಾರನ್ನು ಮುಟ್ಟಲಿಲ್ಲ. ಅವನಿಗೇ ನುಡಿಸಲು ಹೇಳಿ ಎದುರಿಗೆ ಕೂತಳು. ಜಿರ್ ಎಂದಿತು.

"ಅಂಗಿ ಬಿಚ್ಚಿ," ಎಂದಳು.

ಅವನ ಕಿವಿ ಕೆಂಪಾಯಿತು. ಅಕ್ಕ ಬ್ರಶ್ ಎಸೆದು ಓಡಿ ಬಂದಳು. ನೋಡಿದರೆ, ಯೂನಿಫಾರ್ಮಿನ ಹಿತ್ತಾಳೆಯ ಗುಂಡಿಯೊಂದು ಸಡಿಲವಾಗಿ ಗಿಟಾರಿನ ಬೆನ್ನಿಗೆ ತಾಗಿ ನಡುಗುತ್ತಿತ್ತು. ಅವಳು ಸೂಜಿ ದಾರ ತಂದು ಗುಂಡಿ ಬಿಗಿದು ಕಳಿಸಿದಳು.

ಮುಂದಿನ ವಾರ ಅವನು ಬಂದಾಗ ಎಲ್ಲ ಗುಂಡಿಗಳೂ ಸಡಿಲವಾಗಿದ್ದವು.

*

ಆ ಅಕ್ಕನೇ ಈಗ ತಂಗಿಯ ತಲೆದೆಸೆಯಲ್ಲಿ ಕೂತಿದ್ದ ದೊಡ್ಡಮ್ಮ. ಗಿಟಾರು ಒಳಗೆ ಬರುವುದನ್ನು ಕಂಡು ಅವರು ಹುಬ್ಬು ಗಂಟಿಕ್ಕಿದರು. "ಹೆಣ ಮುಂದಿಟ್ಕೊಂಡು ಅಂಗಡಿ ತೆಗೀತೀರಾ?"

"ಅವಳಿದ್ದಿದ್ರೆ ವಾಪಸ್ ಕಳಿಸ್ತಿದ್ಲಾ, ಅತ್ತಿಗೆ?" ಎಂದರು ಡ್ರೈವರು.

ದೊಡ್ಡಮ್ಮ ಮುಖ ತಿರುಗಿಸಿದರು. ಆದರೆ ಮಗಳೂ ಹಿಂದೇಟು ಹಾಕಿದಳು. ವರ್ಷಗಟ್ಟಲೆ ಅಮ್ಮನ ಪಕ್ಕ ಕೂತು ಕಲಿತವಳೇ. ಆದರೆ ಅವಳು ಮುಗಿಸಿದ್ದನ್ನೆಲ್ಲ ಅಮ್ಮ ಒಮ್ಮೆ ಕೈಗೆತ್ತಿಕೊಂಡು, ಕಿವಿಗೊಟ್ಟು, ಏನಾದರೊಂದು ತಿದ್ದದೆ ಬಿಟ್ಟವರಲ್ಲ. ಈ ಹತಾರಗಳನ್ನು ಯಾರಿಗಾದರೂ ಕೊಟ್ಟುಬಿಡೋಣ, ನನ್ನಿಂದಾಗದು ಎಂದು ಬೆಳಗ್ಗೆಯಷ್ಟೇ ಅಪ್ಪನಿಗೆ ಹೇಳಿದ್ದಳು.

"ಬರೀ ನೋಡು ಪುಟ್ಟಿ," ಎಂದರು ಅಪ್ಪ. "ನೋಡೋಕೇನು?"

ಅಮ್ಮನನ್ನು ಮಲಗಿಸಲು ಜಾಗವಾಗಲೆಂದು ಕೆಲಸದ ಮೇಜನ್ನು ಕಿಟಕಿಗೆ ಒತ್ತರಿಸಿದ್ದರು. ಮಗಳು ಅಲ್ಲಿ ಗಿಟಾರು ಮಲಗಿಸಿ, ಮೊದಲು ಗಿರಾಕಿಯ ಅಂಗಿಯನ್ನು ನೋಡಿದಳು. ಗುಂಡಿಯೇ ಇಲ್ಲದ ಟೀ ಶರ್ಟು. ಬಾಗಿಲಲ್ಲಿ ಇಣುಕುತ್ತಿದ್ದವರು ಕಿಸಕ್ಕನೆ ನಕ್ಕರು. ಅವಳಿಗೂ ನಗು ಬಂತು, ಕೈ ಸ್ವಲ್ಪ ಸಡಿಲವಾಯಿತು.

ಒಂದೊಂದೇ ತಂತಿ ಮೀಟಿದಳು. ಒತ್ತದೆ ಮೀಟಿದರೆ ಜಿರ್; ಕುತ್ತಿಗೆಯ ತುದಿಯ ಮೊದಲೆರಡು ಫ್ರೆಟ್ಟುಗಳ, ಆ ಅಡ್ಡಪಟ್ಟಿಗಳ, ಹತ್ತಿರ ಒತ್ತಿದರೂ ಜಿರ್; ಕೆಳಗಿಳಿದಂತೆ ಸ್ವಚ್ಛ. ತಂತಿಯನ್ನು ಕುತ್ತಿಗೆಯ ಎರಡೂ ತುದಿಗೆ ಒತ್ತಿ ಹಿಡಿದು, ನಡುಭಾಗದಲ್ಲಿ ತಂತಿಯ ಕೆಳಗಿನ ಸಂದಿಗೆ ತೆಳ್ಳನೆಯ ಕಾರ್ಡು ತೂರಿಸಲು ನೋಡಿದಳು. ಸಂದಿಯೇ ಇರಲಿಲ್ಲ.

"ಎಲ್ಲಿಟ್ಟಿದ್ರಿ ಇದನ್ನ?"

ಬಿಸಿಲು ಬೀಳುವ ಕಿಟಕಿಯ ಹತ್ತಿರ, ಚೀಲವಿಲ್ಲದೆ ಎಂದ ಅವನು, ಮೆಲ್ಲಗೆ. ಒಣಗಿ ಕುತ್ತಿಗೆಯ ಮರ ಹಿಂದಕ್ಕೆ ಬಾಗಿ, ತಂತಿ ಅದಕ್ಕೆ ತಾಗುತ್ತಿತ್ತು. ಅವಳು ಅಲೆನ್ ಕೀ ತೂರಿಸಿ, ಕುತ್ತಿಗೆಯನ್ನು ಬಿಗಿಹಿಡಿಯುವ ಒಳಗಿನ ಸರಳನ್ನು ಕೂದಲೆಳೆಯಷ್ಟು ಸಡಿಲಿಸಿದಳು. ಶ್ರುತಿ ಮಾಡಿ ಮೀಟಿದಳು. ಜಿರ್ ಇತ್ತು, ಆದರೆ ದೂರದ್ದು. ಇನ್ನೂ ಒಂಚೂರು ಸಡಿಲಿಸಿದಳು. ಮೀಟಿದಳು. ಮತ್ತೆ ಮೀಟಿದಳು.

ಆಮೇಲೆ ಅಭ್ಯಾಸಬಲದಿಂದ ಗಿಟಾರನ್ನು ಎರಡೂ ಕೈಯಲ್ಲಿ ಎತ್ತಿ, ತಿರುಗಿ, ಅಮ್ಮನ ಕಡೆಗೆ ಚಾಚಿದಳು.

ಚಾಚಿದ ಕೈ ಹಿಂದಕ್ಕೆ ಬರಲಿಲ್ಲ. ದೊಡ್ಡಮ್ಮ ಕೂತಲ್ಲಿಂದಲೇ ಬಗ್ಗಿ ಅದನ್ನು ಇಸಿದುಕೊಂಡು, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು, ಒಂದೇ ಬೆರಳಿನಿಂದ ಆರೂ ತಂತಿಗಳನ್ನು ಮೀಟಿದರು.

"ಪಾಲಿಶ್ ಹಾಕೋಳು ನಾನು, ನಂಗೆ ತಿಳಿಯಲ್ಲ," ಎಂದರು. "ಆದ್ರೆ ಇದರಲ್ಲಿ ತಪ್ಪು ಹುಡುಕೋಕೆ ನಿಮ್ಮಮ್ಮಂಗೂ ಕಷ್ಟ ಆಗ್ತಿತ್ತು ಕಣೇ." ಗಿಟಾರನ್ನು ಗಿರಾಕಿಗೆ ಕೊಟ್ಟರು. "ನಿಮ್ಮಪ್ಪಂದು ಯಾವ ಹಾಡು? ನುಡಿಸಪ್ಪ, ಕೇಳೋಣ."

ಅವನು ಮೇಜಿಗೊರಗಿ ನುಡಿಸತೊಡಗಿದ. ಕುಣಿಯುವಂಥ ಹಳೆಯ ಹಾಡು. ಅಂಗಳದಲ್ಲಿ ಯಾರೋ ಗುನುಗಿದರು, ಇನ್ನೊಬ್ಬರು ಸೇರಿಕೊಂಡರು. ಡ್ರೈವರು ಶ್ರುತಿ ತಪ್ಪಿ, ಎಲ್ಲರಿಗಿಂತ ಜೋರಾಗಿ ಹಾಡಿದರು. ಮಗಳು ಅಳುತ್ತ ನಗುತ್ತ ಅಪ್ಪನ ಬಾಯಿಗೆ ಕೈ ಅಡ್ಡ ಹಿಡಿದಳು.

ಅಷ್ಟರಲ್ಲಿ ಗಿಟಾರಮ್ಮನನ್ನು ಒಯ್ಯುವ ವ್ಯಾನು ಗೇಟಿನ ಮುಂದೆ ಬಂದು ಗುರುಗುಟ್ಟುತ್ತ ನಿಂತಿತು. ಅದರ ಚಾಲಕ ಹೊತ್ತಾಯಿತೆಂದು ಹೇಳಲು ಬಾಗಿಲವರೆಗೆ ಬಂದವನು ಒಳಗಿನದನ್ನು ನೋಡಿ, ಬಂದ ಹಾಗೇ ತಿರುಗಿ ಹೋಗಿ ಇಂಜಿನ್ ಆರಿಸಿದ. ಹಾಡು ಮುಗಿದು, ಕಡೆಯದಾಗಿ ಮೀಟಿದ ದಪ್ಪ ತಂತಿಯ ನಾದವೊಂದೇ ಉಳಿಯಿತು. ಅದು ಎಲ್ಲೂ ಒಡೆಯದೆ ಕೋಣೆಯಲ್ಲಿ ಹರಡಿಕೊಂಡು, ಸಣ್ಣದಾಗುತ್ತ, ಇನ್ನೂ ಸಣ್ಣದಾಗುತ್ತ ಹೋಯಿತು. ಅದು ಪೂರ್ತಿ ಅಡಗುವವರೆಗೂ ಹೆಗಲು ಕೊಡಬೇಕಾದವರು ಹೊಸ್ತಿಲಲ್ಲೇ ನಿಂತಿದ್ದರು.