ಕಾಗೆಗೆ ತಕ್ಕ ತೋಟಾ

ಕಾಲೇಜಿನ ಎನ್‌ಸಿಸಿಯಲ್ಲಿ ಒಂದೇ ಒಂದು ದಿನ ರೈಫಲ್ ಹಿಡಿದು, ಅದರಲ್ಲೂ ಗುರಿ ತಪ್ಪಿದ ಕಥೆಯನ್ನು ನಂಜುಂಡಪ್ಪ ಊಟದ ಹೊತ್ತಿನಲ್ಲಿ ತಮಾಷೆಗೆ ಹೇಳಿದ್ದೇ ತಪ್ಪಾಯಿತು. ಸೌದಿಯ ರಾಸ್ ಅಲ್ ಖೈರ್‌ನ ಆ ವಿದ್ಯುತ್ ಸ್ಥಾವರದ ಆಫೀಸಿನಲ್ಲಿ ಬಂದೂಕು ಮುಟ್ಟಿದವರು ಬೇರೆ ಯಾರೂ ಇರಲಿಲ್ಲ. ಕಾಗೆಗಳು ತಂತಿಯ ಚೂರುಗಳನ್ನು ತಂದು ಹೈಟೆನ್ಶನ್ ತಂತಿಗಳ ಸ್ವಿಚ್‌ಯಾರ್ಡಿನಲ್ಲಿ ಗೂಡು ಕಟ್ಟಿ ಪದೇ ಪದೇ ಕರೆಂಟು ಕೆಡಿಸುತ್ತಿದ್ದವು. ಹೊಡೆಯುವುದಕ್ಕೆ ಪರವಾನಗಿ ಇದ್ದ ಝುಹೈರ್ ಎಂಬ ಸೌದಿ ಗುತ್ತಿಗೆದಾರ ಬಂದ. ಯಾವ ರೈಫಲ್, ಯಾವ ತೋಟಾ ಎಂದು ತೀರ್ಮಾನಿಸುವ ಕೆಲಸ ಸುರಕ್ಷತಾ ಅಧಿಕಾರಿ ನಂಜುಂಡಪ್ಪನ ತಲೆಗೆ ಬಂತು. ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ; ಬೇಡ ಎನ್ನುವುದಕ್ಕೂ ಸುಸ್ತು.

ಹಾಗೆಂದು ಕಾಟಾಚಾರದ ಕೆಲಸ ಅವನಿಂದ ಆಗುವುದಿಲ್ಲ. ಝುಹೈರ್ ಮೊದಲು ತೋರಿಸಿದ ಟೂ ಟೂ ತ್ರೀ ತೋಟಾ ಮರುಭೂಮಿಯ ನರಿಗೆ ಸರಿ. ಇಲ್ಲಿ ಗುರಿ ತಪ್ಪಿದರೆ ಗುಂಡು ಬೇಲಿ ದಾಟಿ ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ. ಪಾಯಿಂಟ್ ಟೂ ಟೂದ ಸೀಸದ ಗುಂಡು ನಿಧಾನ, ಆದರೆ ಕಬ್ಬಿಣದ ಪೈಪಿಗೆ ತಾಗಿದರೆ ಪುಟಿದು ಯಾರ ಎದೆಗಾದರೂ ಬಂದೀತು. ಏರ್‌ಗನ್ನು ಅಷ್ಟು ದೂರಕ್ಕೆ ಸಾಲದು. ಕೊನೆಗೆ ಪಾಯಿಂಟ್ ಒನ್ ಸೆವೆನ್ ಎಂದಾಯಿತು. ಹಗುರ ಗುಂಡು, ನೇರ ಓಟ, ತಾಗಿದಲ್ಲೇ ಪುಡಿ. ಅದನ್ನೂ ಸ್ವಿಚ್‌ಯಾರ್ಡಿನಲ್ಲಿ ಹಾರಿಸಕೂಡದು, ಮೆಸ್ಸಿನ ಹಿಂದೆ ಕಸ ಸುರಿಯುವಲ್ಲಿ, ಮರಳಿನ ದಿಬ್ಬದ ಕಡೆಗೇ ಹೊಡೆಯಬೇಕು ಎಂದು ಷರತ್ತು ಹಾಕಿದ. ಝುಹೈರ್ ತಲೆದೂಗಿದ.

ಝುಹೈರ್ ಜೀಪಿನೊಳಗೆ ಕೂತು ಕಿಟಕಿಯಿಂದ ಹೊಡೆಯುತ್ತಿದ್ದ. ಗುಂಡು ಹಾರಿದ ಜಾಗಕ್ಕೆ ಸುರಕ್ಷತಾ ಅಧಿಕಾರಿಯಲ್ಲದೆ ಬೇರಾರೂ ಕಾಲಿಡಬಾರದೆಂದು ನಿಯಮ ಮಾಡಿದವನು ನಂಜುಂಡಪ್ಪನೇ. ಹಾಗಾಗಿ ಸತ್ತದ್ದನ್ನು ಹೆಕ್ಕಿ ಚೀಲಕ್ಕೆ ತುಂಬುವುದೂ ಅವನ ಪಾಲಿಗೇ ಬಿತ್ತು. ಉಳಿದ ಕಾಗೆಗಳು ಅವನ ನೆತ್ತಿಯ ಮೇಲೆ ಸುತ್ತುತ್ತಾ ಅರಚುತ್ತಿದ್ದವು. ಆಮೇಲಾಮೇಲೆ ಆಫೀಸಿನ ಬಾಗಿಲಿಗೂ ಬಂದು ಬೈಯತೊಡಗಿದವು.

ಸ್ಟೋರ್ ನೋಡಿಕೊಳ್ಳುವ ಉಳ್ಳಾಲದ ಶಫೀಕ್ ನಗಾಡಿದ: "ಎಂತ ಸರ್, ಹೊಡೆಯುವುದು ಝುಹೈರ್, ಬೈಗುಳ ನಿಮಗೆ! ನಿಮ್ಮ ಮೋರೆ ಅವಕ್ಕೆ ಬಾಯಿಪಾಠ ಆಗಿದೆ ಮಾರಾಯ್ರೆ."

ನಂಜುಂಡಪ್ಪನಿಗೂ ಆಗ ನಗು ಬಂದಿತ್ತು.

ಕರೆಂಟು ಕೆಡುವುದು ನಿಂತಿತು. ಕಾಗೆಗಳು ಕಾಣುವುದೇ ಅಪರೂಪವಾಯಿತು. ಅಷ್ಟರಲ್ಲಿ ಅಪ್ಪನ ತಿಥಿ ಬಂತು. ಅಪ್ಪ ಹೋದಾಗ ಇವನಿಗೆ ವೀಸಾ ಕಾಗದ ಹೊತ್ತಿಗೆ ಸರಿಯಾಗಿ ಆಗದೆ, ತಮ್ಮನೇ ಚಿತೆಗೆ ಬೆಂಕಿಯಿಟ್ಟದ್ದನ್ನು ಫೋನಿನಲ್ಲಿ ನೋಡಿದ್ದ. ಆ ಸಂಕಟಕ್ಕೇ ತಿಥಿಯನ್ನು ಒಂದು ವರ್ಷವೂ ತಪ್ಪಿಸಿರಲಿಲ್ಲ. ಹೆಂಡತಿ ಪಂಕಜಾ ಮಾವನಿಗೆ ಇಷ್ಟವಾದ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ವಡೆ ಮಾಡಿ ಎಡೆಯಿಟ್ಟಳು. ಒಂದು ಪಾಲನ್ನು ಬಾಳೆಲೆಯಲ್ಲಿ ತಂದು ಕ್ವಾರ್ಟರ್ಸಿನ ಹಿಂದಿನ ಗೋಡೆಯ ಮೇಲಿಟ್ಟಳು. ಕಾಗೆ ಮುಟ್ಟಿದರೆ ಅಪ್ಪ ಉಂಡ ಹಾಗೆ. ಮುಟ್ಟುವವರೆಗೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ.

"ಕಾ... ಕಾ..." ನಂಜುಂಡಪ್ಪ ಕರೆದ. ಗಂಟಲು ಒಣಗುವವರೆಗೆ ಕರೆದ. ಬಿಸಿಲಿಗೆ ಮುದ್ದೆ ಬಿರುಕು ಬಿಟ್ಟಿತು.

"ಹೋದ ವರ್ಷ ಎಲೆ ಇಡೋಕ್ಮುಂಚೇನೇ ಬಂದು ಕೂತಿದ್ವು," ಎಂದಳು ಪಂಕಜಾ.

"ಎಲ್ಲಾನೂ ಮುಗಿಸ್ಬಿಟ್ನೇನೇ ನಾನು?"

ಅಷ್ಟರಲ್ಲಿ ಎಲ್ಲಿಂದಲೋ ಒಂದು ಕಾಗೆ ಬಂದು ದೀಪದ ಕಂಬದ ಮೇಲೆ ಕೂತಿತು. ಎಲೆ ನೋಡಿತು. ಇವನನ್ನು ನೋಡಿತು. ಕರ್ಕಶವಾಗಿ ಅರಚಿ ಹಾರಿಹೋಯಿತು. ಮತ್ತೆ ಬಂತು, ಮತ್ತೆ ಇವನ ಮುಖ ನೋಡಿ ಅರಚಿತು.

"ಬಾರಪ್ಪಾ," ಎಂದು ನಂಜುಂಡಪ್ಪ ಅಂಗಲಾಚಿದ. ಯಾವ ಸಾಹೇಬನ ಮುಂದೆಯೂ ಅವನು ಹೀಗೆ ಬೇಡಿದವನಲ್ಲ.

"ರೀ, ನೀವು ಒಳಗೆ ಹೋಗಿ."

"ನಾನು ಮಗ ಕಣೇ. ಕೈಮುಗಿದು ನಿಂತಿರ್ಬೇಕಾದೋನು."

"ಮಗ ಅಂತ ಅದಕ್ಕೇನು ಗೊತ್ತು? ಹೋಗಿ ಅಂದ್ನಲ್ಲ."

ಅವನು ಒಳಗೆ ಬಂದು ಬಾಗಿಲು ಹಾಕಿ, ಪರದೆ ಎಳೆದು, ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸುಸ್ತಾಯಿತು, ಇಷ್ಟು ವರ್ಷಗಳ ಸುಸ್ತೆಲ್ಲ ಒಟ್ಟಿಗೇ ಮೈಗಿಳಿದ ಹಾಗೆ. ಹೊರಗೆ ರೆಕ್ಕೆ ಬಡಿದ ಸದ್ದಾಯಿತು.

"ಮುಟ್ತು ಕಣ್ರೀ," ಪಂಕಜಾಳ ದನಿ ಮೆತ್ತಗೆ ಬಂತು. "ತಿಂತಾ ಇದೆ. ನೀವು ಮಾತ್ರ ಆಚೆ ಬರ್ಬೇಡಿ."

ನಂಜುಂಡಪ್ಪ ಮುಚ್ಚಿದ ಬಾಗಿಲಿಗೆ ಕೈಮುಗಿದ.