ಹಾನಿಮ್‌ಳ ಮೊಟ್ಟೆ, ಬಸ್ಯೂನಿ ಮಾವನ ಕೈ

ನನ್ನ ಸೋದರಮಾವ ಬಸ್ಯೂನಿಯ ಕೈಗೆ ಒಂದು ಮೊಟ್ಟೆ ಕೊಟ್ಟು ನೋಡಿ. ಮಾತಾಡುತ್ತಲೇ ಅದನ್ನು ಮಗುಚುತ್ತಾನೆ. ಬೇಯಿಸಿದ ಮೊಟ್ಟೆಯಾದರೂ ಬಾಯಿಗೆ ಹೋಗುವ ಮೊದಲು ಮಗ್ಗುಲು ಬದಲಿಸಿರುತ್ತದೆ. ಈಜಿಪ್ಟಿನ ನಮ್ಮ ಬಿರ್ಮಾ ಹಳ್ಳಿಯಲ್ಲಿ ಮಣ್ಣಿನ ಕಾವುಗೂಡಿನೊಳಗೆ ತೆವಳಿ, ಕೋಳಿಮೊಟ್ಟೆ ಮಗುಚಿ ಮಗುಚಿಯೇ ಅವನ ತಲೆಗೂದಲು ಬೆಳ್ಳಗಾಗಿದೆ. ಮಗುಚದಿದ್ದರೆ ಮರಿ ಚಿಪ್ಪಿಗೆ ಅಂಟಿಕೊಂಡು ಸಾಯುತ್ತದೆ. ಇದು ಅವನು ನಡೆಯುವುದಕ್ಕೆ ಮೊದಲೇ ಕಲಿತ ಪಾಠ. ಕಾವು ಹದವಾಗಿದೆಯೇ ಎಂದು ತಿಳಿಯಲು ಮೊಟ್ಟೆಯನ್ನೆತ್ತಿ ಮುಚ್ಚಿದ ರೆಪ್ಪೆಗೆ ಒತ್ತಿಕೊಳ್ಳುತ್ತಾನೆ. ಕಾವುಗೂಡಿನವರಿಗೆಲ್ಲ ರೆಪ್ಪೆಯೇ ಥರ್ಮಾಮೀಟರು.

ಅಂಥವನ ಮನೆಯ ತಾರಸಿಯಲ್ಲಿ ಇನ್ಶಿರಾಹ್ ಅತ್ತೆಯ ಆಮೆ ಹಾನಿಮ್ ಮೊಟ್ಟೆಯಿಟ್ಟಳು. ಯಾರಿಗೂ ಹಾನಿ ಮಾಡದ ಹಾನಿಮ್, ಅತ್ತೆಯ ತವರಿನಿಂದ ಬಂದವಳು. ಅವಳ ಜೊತೆಗಾರ ಗಂಡಾಮೆ ಚಳಿಗಾಲದ ನಿದ್ದೆಗೆ ಮಲಗಿದವನು ಏಳಲೇ ಇಲ್ಲ. ಇವೇ ಕೊನೆಯ ಮೊಟ್ಟೆಗಳೆಂದು ಅತ್ತೆ ಅತ್ತೇಬಿಟ್ಟಳು.

“ನಮ್ಮಪ್ಪ ಕೊಟ್ಟ ಜೋಡಿ ರೀ. ಒಂದಾದ್ರೂ ಮರಿ ಆಗ್ಲೇಬೇಕು.”

“ಅದಕ್ಯಾಕೆ ಅಳ್ತೀಯೇ? ಊರಿಗೆಲ್ಲ ಮರಿ ಮಾಡ್ಕೊಟ್ಟ ಕೈ ಇದು!” ಮಾವ ತೋಳು ಮೇಲೇರಿಸಿದ.

ಅತ್ತೆಗೆ ಆ ಕೈಯೇ ಭಯ. ತಂತಾ ಪಟ್ಟಣದ ಪಶುವೈದ್ಯೆಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದಳು.

“ನೋಡೀಮ್ಮಾ, ಹೇಗಿದೆಯೋ ಹಾಗೇ ಎತ್ತಿ ಮರಳಲ್ಲಿಡಿ. ಮೇಲ್ಭಾಗಕ್ಕೆ ಗುರುತು ಹಾಕಿ. ಆಮೆ ಮೊಟ್ಟೆ ಮಗುಚಲೇಬಾರದು. ಮಗುಚಿದ್ರೆ ಒಳಗಿನ ಜೀವ ಹೋಗುತ್ತೆ.”

ಮಾವನ ಮುಖ ನೋಡಬೇಕಿತ್ತು. “ಮಗುಚಬಾರದಾ? ಆಮೇಲೆ?”

“ಆಮೆಗೆ ಆಮೇಲೇನೂ ಇಲ್ಲ ಮಾವ. ಸುಮ್ನೆ ಕಾಯೋದು,” ಎಂದೆ ನಾನು.

“ಮೊಟ್ಟೆ ಕಾಯೋದಾ, ನಾನು ಕಾಯೋದಾ?”

“ಎರಡೂ.”

ಮೀನು ತರುವ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ತೇವದ ಮರಳು, ಒಂದು ಬಲ್ಬು, ಬಟ್ಟಲಲ್ಲಿ ನೀರು. ಅತ್ತೆ ತನ್ನ ಕಾಡಿಗೆಯಿಂದ ಪ್ರತಿ ಮೊಟ್ಟೆಯ ನೆತ್ತಿಗೂ ಬೊಟ್ಟಿಟ್ಟಳು. “ಈ ಕಪ್ಪು ಮೇಲೇ ಇರ್ಬೇಕು. ಇದು ಕೆಳಗೆ ಹೋದ್ರೆ ನೀವೂ ಮೆಟ್ಟಿಲು ಇಳಿದು ಕೆಳಗೆ ಹೋಗ್ತೀರಿ.”

ಮರುದಿನ ಬೆಳಿಗ್ಗೆ ಮಾವ ಒಂದೇ ಕಣ್ಣಿನ ರೆಪ್ಪೆಗೆ ಕಾಡಿಗೆ ಬಳಿದುಕೊಂಡು ತಿಂಡಿಗೆ ಬೇಯಿಸಿದ ಕಾಳಿನ ಫೂಲ್ ತಿನ್ನಲು ಬಂದು ಕೂತ.

ಅತ್ತೆಯ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. “ಎತ್ತಿದ್ರಾ?”

“ಬರೀ ಕಣ್ಣಿಗೆ ಒತ್ಕೊಂಡೆ ಕಣೇ. ಹಾಗೇ ಇಟ್ಟಿದ್ದೀನಿ. ಕೈ ತಾನಾಗೇ ಹೋಯ್ತು.”

ಅತ್ತೆ ಓಡಿಹೋಗಿ ನೋಡಿದಳು. ಪುಣ್ಯಕ್ಕೆ ಬೊಟ್ಟುಗಳೆಲ್ಲ ಮೇಲೆಯೇ ಇದ್ದವು. ಅವಳು ಬೈಯಲಿಲ್ಲ. “ನಿಮ್ಮ ಕೈಲಾಗಲ್ಲ ಬಿಡಿ,” ಎಂದಳು, ಅಷ್ಟೇ. ಬೈದಿದ್ದರೆ ಮಾವ ನಕ್ಕುಬಿಡುತ್ತಿದ್ದ. ಈ ಮಾತಿಗೆ ತಟ್ಟೆ ಸರಿಸಿ ಎದ್ದ.

“ಕೈಲಾಗಲ್ಲ, ಸರಿ. ಕಣ್ಣಲ್ಲಾಗುತ್ತೆ. ನನ್ನ ಕೈ ಕಟ್ಟು.”

ಕೈ ಕಟ್ಟಿ ಕೂರುವುದೆಂದರೆ ಏನೆಂದು ನಾನು ಅವತ್ತು ಕಂಡೆ. ಅತ್ತೆ ತನ್ನ ಹಳೆಯ ತಲೆವಸ್ತ್ರದಿಂದ ಅವನ ಕೈಗಳನ್ನು ಬೆನ್ನ ಹಿಂದೆ ಬಿಗಿದಳು. ಮಂಡಿ ಹಿಡಿದುಕೊಂಡು ನಡೆಯುವ ಮನುಷ್ಯ ನೆಲಕ್ಕೆ ಮಂಡಿಯೂರಿ, ಬಾಗಿ, ಬಾಗಿ, ಮರಳಲ್ಲಿ ಮಲಗಿದ್ದ ಮೊಟ್ಟೆಗೆ ತನ್ನ ರೆಪ್ಪೆಯನ್ನೇ ತಂದು ತಾಗಿಸಿದ. ಉಸಿರು ಬಿಗಿಹಿಡಿದಿದ್ದ. “ಸ್ವಲ್ಪ ತಣ್ಣಗಿದೆ. ಬಲ್ಬು ಇಳಿಸು.”

ಆ ಬೇಸಗೆಯಿಡೀ ಅದೇ ಕ್ರಮ. ಕರೆಂಟು ಹೋದರೆ ಬಾಗಿ ನೋಡಿ, “ಎಡಗಡೆ ಒಂದು ಬಿಸಿನೀರು ಬಾಟ್ಲಿ,” ಎನ್ನುತ್ತಿದ್ದ. ಅತ್ತೆ ಇಡುತ್ತಿದ್ದಳು. ಮೇಸ್ತ್ರಿಗಳನ್ನೆಲ್ಲ ‘ಉಸ್ತಾ’ ಎಂದೇ ಕರೆಯುವ ಪಕ್ಕದ ಮನೆಯ ದಸೂಕಿ ಬಾಗಿಲಲ್ಲಿ ಇಣುಕಿ, “ಉಸ್ತಾ ಬಸ್ಯೂನಿ, ಪೊಲೀಸ್ನೋರು ಯಾವಾಗ ಹಿಡಿದ್ರು?” ಎಂದ. ದಿನ ಕಳೆದಂತೆ ಕಟ್ಟು ಬೇಡವಾಯಿತು, ಕೈಗಳು ಬೆನ್ನ ಹಿಂದೆ ತಾವೇ ಕೂರತೊಡಗಿದವು. ಎಂದಾದರೂ ಬೆರಳು ಮಿಡುಕಿದರೆ ನಾನು ವೈದ್ಯೆಯ ದನಿ ತೆಗೆದು, “ಯಾರದು ಕೈ?” ಎನ್ನುತ್ತಿದ್ದೆ. ಮಾವ ಬೆಚ್ಚಿಬೀಳುತ್ತಿದ್ದ. ನಕ್ಕರೂ ನನಗೆ ಗೊತ್ತಿತ್ತು: ಹುಟ್ಟಿದಂದಿನಿಂದ ಬಂದ ಅಭ್ಯಾಸವನ್ನು ಹೀಗೆ ಬೆನ್ನಿಗೆ ಹಾಕಿಕೊಂಡು ಕೂರುವ ಶಕ್ತಿ ನನ್ನಲ್ಲಿಲ್ಲ.

ಕೊನೆಗೊಂದು ಮೊಟ್ಟೆ ಬಿರುಕು ಬಿಟ್ಟಿತು. ಪುಟ್ಟ ಮೂಗು ಕಂಡಿತು. ಅಷ್ಟೇ, ಅಲ್ಲೇ ನಿಂತಿತು. ಮಧ್ಯಾಹ್ನವಾಯಿತು, ಸಂಜೆಯಾಯಿತು, ಮೂಗು ಅಲ್ಲೇ. ದಸೂಕಿ ಚಡಪಡಿಸಿದ: “ಉಸ್ತಾ, ಸ್ವಲ್ಪ ಕೈ ಕೊಡೋ!”

“ಕೈ ಕೊಟ್ರೆ, ಕೈ ಕೊಟ್ಟ ಹಾಗೇ,” ಎಂದ ಮಾವ.

ಆಗ ತಡೆಯಲಾರದೆ ಅತ್ತೆಯೇ ಉಗುರಿನಿಂದ ಚಿಪ್ಪು ಸುಲಿಯಲು ಬಗ್ಗಿದಳು. “ಪಾಪ ರೀ, ಉಸಿರು ಕಟ್ಟುತ್ತೆ ಅದಕ್ಕೆ!”

ಮಾವ ತನ್ನ ಭುಜವನ್ನು ಅಡ್ಡ ತಂದ. “ಬೇಡ ಕಣೇ. ಹೊಟ್ಟೆ ಕೆಳಗಿನ ಹಳದಿ ಇನ್ನೂ ಹೀರಿ ಮುಗಿಸಿರಲ್ಲ. ಅದರ ಊಟ ಅದು. ಮುಗಿಸ್ಕೊಂಡೇ ಬರ್ಲಿ.”

ಅತ್ತೆ ಅವನನ್ನೇ ನೋಡಿದಳು. ಆಮೇಲೆ ಅವನ ಪಕ್ಕದಲ್ಲಿ ಕೂತು ತಾನೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

ಮರಿ ಮರುದಿನ ಬಂತು, ತನ್ನ ಪಾಡಿಗೆ, ಮೈತುಂಬ ಮರಳು ಮೆತ್ತಿಕೊಂಡು. ಹಿಂದೆಯೇ ಇನ್ನೆರಡು ಬಂದವು. ಉಳಿದ ಮೊಟ್ಟೆಗಳು ಹಾಗೇ ಉಳಿದವು.

“ಈಗ ಮುಟ್ಲಾ?” ಎಂದು ಅಂಗೈ ಚಾಚಿ ಕೇಳಿದ ಮಾವ.

“ಅಯ್ಯೋ, ನನ್ನನ್ನೇನು ಕೇಳ್ತೀರಿ? ನಿಮ್ಮ ಮರಿ!” ಅತ್ತೆ ಹೇಳಿ ಮುಗಿಸುವ ಮೊದಲೇ ಒಂದು ಮರಿ ಅವನ ಅಂಗೈ ಹತ್ತಿ, ಅಲ್ಲಿ ಉಚ್ಚೆ ಹೊಯ್ದು, ಇಳಿದು ಹೋಗಿತ್ತು.